ಕಾರ್ಬನ್ ಬದಲಿಸಿದರೆ ಸಾಲಲಿಲ್ಲ: ಅಪ್ಪನ ಏಳಿಂಚಿನ ಗ್ರೈಂಡರ್ ರಿಪೇರಿ

ಮೇ ಕೊನೆಯ ವಾರ ನಮ್ಮ ಶೆಡ್‌ನಲ್ಲಿ ಕೂರಲು ಪುರುಸೊತ್ತು ಇರುವುದಿಲ್ಲ. ರೋಹಿಣಿ ಮಳೆ ಎರಡು ಬಿದ್ದರೆ ಸಾಕು, ಗದಗಿನ ಸುತ್ತಲಿನ ಎರೆಹೊಲದವರೆಲ್ಲ ಟ್ರ್ಯಾಕ್ಟರ್ ಕೂರಿಗಿ, ಕುಂಟಿ, ಟ್ರೇಲರ್ ತಗೊಂಡು ಬರುತ್ತಾರೆ. ಮಿರಗ (ಮೃಗಶಿರಾ ಮಳೆ) ಕೂಡಿದರೆ ಹೆಸರು ಬಿತ್ತಬೇಕು. ಅಷ್ಟರೊಳಗೆ ಎಲ್ಲರಿಗೂ ಎಲ್ಲ ರೆಡಿ ಬೇಕು. ಅಂಥ ದಿನವೇ ಕಬ್ಬಿಣ ಕತ್ತರಿಸುವ ಅಪ್ಪನ ಏಳಿಂಚಿನ ಗ್ರೈಂಡರ್ ಕೈ ಕೊಟ್ಟಿತು.

75 ಎಂಎಂ ಕಬ್ಬಿಣದ ಚಾನೆಲ್ ಕತ್ತರಿಸುತ್ತಿದ್ದೆ. ಅರ್ಧ ಕತ್ತರಿಸುವಷ್ಟರಲ್ಲಿ ಮಷೀನ್ ದನಿ ಬದಲಾಯಿತು. ಹಿಂದಿನ ಗಾಳಿ ಕಿಂಡಿಯಲ್ಲಿ ನೋಡಿದರೆ ಕಮ್ಯುಟೇಟರ್ (ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತಾಮ್ರದ ಪಟ್ಟಿಗಳ ಉರುಳೆ) ಸುತ್ತ ಬೆಂಕಿಯ ಬಳೆ ತೊಡಿಸಿದಂಗೆ ಕಾಣುತ್ತಿತ್ತು. ಜೊತೆಗೆ ಸುಟ್ಟ ವಾರ್ನಿಷ್ ವಾಸನೆ. ಒಮ್ಮೆ ಮೂಗಿಗೆ ಬಡಿದರೆ ಆ ವಾಸನೆ ಮರೆಯುವುದಿಲ್ಲ. ಸ್ವಿಚ್ ಬಿಟ್ಟು ಪ್ಲಗ್ ಕಿತ್ತೆ. ಡಿಸ್ಕ್ ಕಡೆಯ ಗೇರ್ ಹೆಡ್ ಮೇಲೆ ಎರಡು ಸೆಕೆಂಡ್ ಕೂಡ ಕೈ ಇಡಲು ಆಗಲಿಲ್ಲ.

ನಾವು ಇದನ್ನು ಎಜಿ ಸೆವೆನ್ ಅಂತೀವಿ, ಎಜಿ ಅಂದರೆ ಆಂಗಲ್ ಗ್ರೈಂಡರ್. ಡಿಸ್ಕ್ 180 ಎಂಎಂ, ಅಂದರೆ ಏಳು ಇಂಚು. ಸುಮಾರು 2000 ವ್ಯಾಟ್, ನಿಮಿಷಕ್ಕೆ 8500 ಸುತ್ತು. ಮೈಯೆಲ್ಲ ಅಲ್ಯುಮಿನಿಯಂ, ಕೈಯಲ್ಲಿ ಹಿಡಿದರೆ ಐದು ಕಿಲೋ ಮೇಲೆ. ಕಂಪನಿ ಹೆಸರಿನ ಪಟ್ಟಿ ಎಂದೋ ಉಜ್ಜಿ ಹೋಗಿದೆ. ನಾನು ಶಾಲೆಗೆ ಹೋಗುವಾಗಿನಿಂದ ಇದು ಅಪ್ಪನ ಕೈಯಲ್ಲಿದೆ. ಇಂಥ ಮಷೀನನ್ನು 1954ರಲ್ಲಿ ಮೊದಲು ಮಾಡಿದ್ದು ಜರ್ಮನಿಯವರು. ಫ್ಲೆಕ್ಸ್ ಅನ್ನುವ ಆ ಕಂಪನಿ ಹೆಸರೇ ಅಲ್ಲಿ ಮಷೀನ್ ಹೆಸರಾಗಿ ಉಳಿದಿದೆ. ನಮ್ಮ ಕಡೆ ಮಾತ್ರ ಇಂಚು ಹೇಳಿದರೆ ಆಯಿತು, ನಾಕಿಂಚಿಂದು, ಏಳಿಂಚಿಂದು.

ಕಿಡಿ ಹಾರುವುದು ಹೊಸದೇನೂ ಆಗಿರಲಿಲ್ಲ. ಎರಡು ವರ್ಷದಿಂದ ಹಾರುತ್ತಿತ್ತು. ಪ್ರತಿ ಸಲ ಕಾರ್ಬನ್, ಅಂದರೆ ಕಮ್ಯುಟೇಟರ್‌ಗೆ ಒತ್ತಿ ನಿಂತು ಕರೆಂಟ್ ಮುಟ್ಟಿಸುವ ತುಂಡುಗಳನ್ನು, ತಂದು ಹಾಕುತ್ತಿದ್ದೆವು. ಒಂದು ವಾರ ಚೆನ್ನಾಗಿ ನಡೆಯುವುದು, ಮತ್ತೆ ಅದೇ ಕತೆ. ಮೊದಲು ಒಂದು ಜೊತೆ ಕಾರ್ಬನ್ ಆರು ತಿಂಗಳು ಬರುತ್ತಿತ್ತು, ಈಗ ಒಂದೂವರೆ ತಿಂಗಳಿಗೇ ಮುಗಿಯುತ್ತಿತ್ತು. ಆಗಲೇ ಬಿಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಕಾರ್ಬನ್ ಬೇಗ ಸವೆಯುತ್ತಿದೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಹುಡುಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ಕೂರಿಗಿ ಕೊಟ್ಟಿದ್ದ ಗೌಡರು ಕಟ್ಟೆ ಮೇಲೆ ಕೂತೇ ಇದ್ದರು. "ತಮ್ಮಾ, ಮಿರಗ ಬಂದು ಬಿಡ್ತು. ನನ್ನ ಕೂರಿಗಿ ಯಾವಾಗ?" ಅಂದರು. "ನಾಕಿಂಚಿನ ಮಷೀನ್ ಐತ್ರಿ, ಅದರಾಗ ಮಾಡಿ ಕೊಡ್ತೀನ್ರಿ" ಅಂದೆ. ಕೊಟ್ಟೆ ಕೂಡ. ಆದರೆ ಏಳಿಂಚಿನಲ್ಲಿ ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಬೇಕಾಯಿತು. ಚಾನೆಲ್ಲನ್ನು ಮೂರು ಕಡೆಯಿಂದ ತಿರುಗಿಸಿ ಕತ್ತರಿಸಬೇಕಾಯಿತು.

ರಾತ್ರಿ ಊಟ ಆದಮೇಲೆ ಬಿಚ್ಚಲು ಕೂತೆ.

ಮೊದಲು ಎರಡೂ ಕಾರ್ಬನ್ ತೆಗೆದೆ. ಒಂದರ ಮೂಗು ನಯವಾಗಿ ಹೊಳೆಯುತ್ತಿತ್ತು. ಇನ್ನೊಂದರ ಅಂಚು ತಿಂದಂಗೆ ಒಡೆದಿತ್ತು. ಕಾರ್ಬನ್ ಕುಣಿದಿದೆ ಅನ್ನುವುದಕ್ಕೆ ಇದೇ ಗುರುತು. ಸ್ಪ್ರಿಂಗ್ ಒತ್ತಿ ನೋಡಿದೆ, ಎರಡರದ್ದೂ ಬಿಗಿ ಚೆನ್ನಾಗಿಯೇ ಇತ್ತು. ಹಾಗಾದರೆ ಕಾರ್ಬನ್‌ನ ಕೆಳಗಿನ ಕಮ್ಯುಟೇಟರೇ ಕುಣಿಯುತ್ತಿರಬೇಕು.

ಕಾರ್ಬನ್ ತೆಗೆದ ಮೇಲೆ ಗೇರ್ ಹೆಡ್‌ನ ನಾಲ್ಕು ಸ್ಕ್ರೂ ಬಿಚ್ಚಿದರೆ ಆರ್ಮೇಚರ್ (ಮೋಟರ್‌ನ ತಿರುಗುವ ಭಾಗ) ಹೆಡ್ ಜೊತೆಗೇ ಹೊರಗೆ ಬರುತ್ತದೆ. ಕಾರ್ಬನ್ ಒಳಗಿಟ್ಟೇ ಎಳೆದರೆ ಅದು ಮುರಿಯುತ್ತದೆ, ಹೋಲ್ಡರ್ ಕೂಡ ಬಾಗುತ್ತದೆ. ಪಿನಿಯನ್ (ಆರ್ಮೇಚರ್ ತುದಿಯ ಸಣ್ಣ ಗೇರ್) ನಟ್ ಬಿಚ್ಚುವ ಮುಂಚೆ ಥ್ರೆಡ್ ಯಾವ ಕಡೆಯದು ಅಂತ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಕೆಲವು ಮಷೀನ್‌ಗಳಲ್ಲಿ ಉಲ್ಟಾ ಥ್ರೆಡ್ ಇರುತ್ತದೆ. ನಮ್ಮದು ಸೀದಾ ಇತ್ತು.

ಆರ್ಮೇಚರ್‌ನ ಮುಂದಿನ ಬೇರಿಂಗ್ ಕೂರುವ ಪ್ಲೇಟ್ ಕೈಗೆ ಬಂತು. ಬೇರಿಂಗ್ ತೆಗೆಯಲು ಪುಲ್ಲರ್ ಹುಡುಕುತ್ತಿದ್ದೆ. ಪ್ಲೇಟ್ ತಿರುವಿ ಹಿಡಿದಾಗ ಬೇರಿಂಗ್ ತಾನಾಗಿಯೇ ಅಂಗೈಗೆ ಬಿತ್ತು.

ಅಲ್ಲಿಯೇ ಗೊತ್ತಾಯಿತು. ಬೇರಿಂಗ್ ಹಾಗೆ ಬೀಳಬಾರದು. ಅದರ ಹೊರಗಿನ ಬಳೆ ಪ್ಲೇಟ್‌ನಲ್ಲಿ ಬಿಗಿಯಾಗಿ ಕೂತಿರಬೇಕು, ತಿರುಗಬಾರದು. ಇಲ್ಲಿ ಹೊರಬಳೆಯೂ ಸ್ವಲ್ಪ ಸ್ವಲ್ಪವೇ ತಿರುಗಿ ಅಲ್ಯುಮಿನಿಯಂ ತಿಂದು ಹಾಕಿತ್ತು. ಬೇರಿಂಗ್ ಕೂರುವ ಗುಂಡಿಗೆ ನಾವು ಮನೆ ಅಂತೀವಿ. ಆ ಮನೆ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ತಳದಲ್ಲಿ ಬೂದು ಬಣ್ಣದ ಪೇಸ್ಟ್ ಕೂಡಿತ್ತು. ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನ ಹಾಗೆ ಸಿಗುತ್ತಿತ್ತು, ಗ್ರೀಸ್ ಮತ್ತು ಅಲ್ಯುಮಿನಿಯಂ ಪುಡಿ. ಬೇರಿಂಗ್ ನಂಬರ್ 6201. ಹೊರಗಿನ ಅಳತೆ 32 ಎಂಎಂ. ಲೇತ್‌ನವರ ಹತ್ತಿರ ಆಮೇಲೆ ಅಳೆಸಿದಾಗ ಅದರ ಮನೆ 32.12 ಬಂತು. ಕೂದಲೆಳೆಯಷ್ಟು ಅಂತ ಅನಿಸಬಹುದು. ಆರ್ಮೇಚರ್ ತಿರುಗುವ ವೇಗಕ್ಕೆ ಅದು ದೊಡ್ಡದು. ಪಿನಿಯನ್‌ಗೆ 11 ಹಲ್ಲು, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್‌ಗೆ 37. ಡಿಸ್ಕ್ ಕೂರುವ ಸ್ಪಿಂಡಲ್ 8500 ಸುತ್ತು ತಿರುಗಬೇಕಾದರೆ ಆರ್ಮೇಚರ್ 28 ಸಾವಿರಕ್ಕಿಂತ ಜಾಸ್ತಿ ತಿರುಗಬೇಕು. ಆ ವೇಗದಲ್ಲಿ ಮುಂದಿನ ತುದಿ ಅಲ್ಲಾಡಿದರೆ ಹಿಂದಿನ ಕಮ್ಯುಟೇಟರ್ ಕುಣಿಯುತ್ತದೆ. ಕಮ್ಯುಟೇಟರ್ ಕುಣಿದರೆ ಕಾರ್ಬನ್ ಎಗರುತ್ತದೆ. ಎಗರಿದಾಗೆಲ್ಲ ಕಿಡಿ. ಆ ಕಿಡಿಗೆ ತಾಮ್ರ ಸುಡುತ್ತದೆ. ಸುಟ್ಟು ಒರಟಾದ ತಾಮ್ರ ಹೊಸ ಕಾರ್ಬನ್ನನ್ನು ಇನ್ನೂ ಬೇಗ ತಿನ್ನುತ್ತದೆ.

ಹಂಗಾದರೆ ಮನೆ ಸಡಿಲ ಆದದ್ದು ಯಾಕೆ? ಇದಕ್ಕೆ ಉತ್ತರ ಡಿಸ್ಕ್ ಮುಚ್ಚುವ ಗಾರ್ಡ್‌ನಲ್ಲಿತ್ತು. ಗಾರ್ಡ್ ಅರ್ಧ ಕತ್ತರಿಸಿದ್ದರು. ನಮ್ಮ ಶೆಡ್‌ನಲ್ಲಿ ಹಿಂದೆ ಕೆಲಸಕ್ಕಿದ್ದವರು ಒಂಬತ್ತಿಂಚಿನ ಡಿಸ್ಕ್ ಹಾಕಲು ಹಂಗೆ ಮಾಡಿದ್ದು. ದೊಡ್ಡ ಚಾನೆಲ್ ಒಂದೇ ಸಲಕ್ಕೆ ಕತ್ತರಿಸಬಹುದು ಅಂತ. ಆಮೇಲೆ ನಾವೂ ಅದನ್ನೇ ಮುಂದುವರಿಸಿದೆವು. ಎರಡೂ ಡಿಸ್ಕ್‌ನ ತೂತು ಒಂದೇ ಅಳತೆ, ಸ್ಪಿಂಡಲ್‌ಗೆ ಸರಿಯಾಗಿ ಕೂರುತ್ತದೆ. ಕೂತಿದ್ದೇ ತಪ್ಪಾಯಿತು. ದೊಡ್ಡ ಡಿಸ್ಕ್ ಆಳಕ್ಕೆ ಇಳಿದಷ್ಟೂ ಮೋಟರ್ ಮೇಲೆ ಭಾರ ಜಾಸ್ತಿ, ಕರೆಂಟ್ ಜಾಸ್ತಿ, ಬಿಸಿ ಜಾಸ್ತಿ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್ 60 ಡಿಗ್ರಿ ಏರಿದರೆ 32 ಎಂಎಂ ಮನೆ ತನ್ನೊಳಗಿನ ಬೇರಿಂಗ್‌ಗಿಂತ 0.02 ಎಂಎಂ ಜಾಸ್ತಿ ಅಗಲ ಆಗುತ್ತದೆ. ಬೇರಿಂಗ್‌ನ ಬಿಗಿ ಇರುವುದೇ ಅಷ್ಟು. ಅದು ಹೋದ ಗಳಿಗೆಯಿಂದ ಹೊರಬಳೆ ಜಾರಲು ಶುರು. ದಿನಾ ಸ್ವಲ್ಪ, ವರ್ಷಗಟ್ಟಲೆ.

ಮಷೀನ್ ಕೆಡುವುದಕ್ಕಿಂತ ದೊಡ್ಡ ಅಪಾಯವೂ ಇದರಲ್ಲಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಡಿಸ್ಕ್ ಮೇಲೆ 80 ಎಂಬೈಎಸ್ ಅಂತ ಬರೆದಿರುತ್ತದೆ. ಅಂಚು ಸೆಕೆಂಡಿಗೆ 80 ಮೀಟರ್ ಓಡಬಹುದು, ಅದಕ್ಕಿಂತ ಜಾಸ್ತಿ ಬೇಡ ಅಂತ ಅರ್ಥ. 180 ಎಂಎಂ ಡಿಸ್ಕ್ 8500 ಸುತ್ತಿನಲ್ಲಿ ಲೆಕ್ಕ ಹಾಕಿದರೆ ಸರಿಯಾಗಿ 80 ಬರುತ್ತದೆ. ಅದೇ ಮಷೀನ್‌ಗೆ 230 ಎಂಎಂ ಡಿಸ್ಕ್ ಹಾಕಿದರೆ 102. ಡಿಸ್ಕನ್ನು ಹರಿಯಲು ನೋಡುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ 60 ಪರ್ಸೆಂಟ್‌ಗಿಂತ ಜಾಸ್ತಿ. ಒಂಬತ್ತಿಂಚಿನ ಡಿಸ್ಕ್ ಮೇಲೆ 6600ರ ಆಸುಪಾಸಿನ ಆರ್‌ಪಿಎಂ ಯಾಕೆ ಬರೆದಿರುತ್ತಾರೆ ಅಂತ ಈಗ ಗೊತ್ತಾಗುತ್ತದೆ ಅಲ್ವಾ? ಗಾರ್ಡ್ ಇಲ್ಲದ ಮಷೀನ್‌ನಲ್ಲಿ ಅದು ಒಡೆದರೆ ಚೂರು ಸೀದಾ ಹಿಡಿದವರ ಮುಖಕ್ಕೇ. ಇಷ್ಟು ವರ್ಷ ನಮ್ಮ ಶೆಡ್‌ನಲ್ಲಿ ಯಾರಿಗೂ ಏನೂ ಆಗಲಿಲ್ಲ. ಆ ಲೆಕ್ಕ ಹಾಕಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಇನ್ನು ಆರ್ಮೇಚರ್. ಕಮ್ಯುಟೇಟರ್‌ನ 32 ಪಟ್ಟಿಗಳಲ್ಲಿ ಎರಡು ಕರ್ರಗೆ ಸುಟ್ಟಿದ್ದವು. ಒಳಗಿನ ಸುತ್ತು ಶಾರ್ಟ್ ಆಗಿದೆಯಾ ಅಂತ ಸಾದಾ ಮಲ್ಟಿಮೀಟರ್‌ನಲ್ಲಿ ತಿಳಿಯುವುದಿಲ್ಲ. ರೆಸಿಸ್ಟೆನ್ಸ್ ಅಷ್ಟು ಕಡಿಮೆ ಇರುತ್ತದೆ. ಅದಕ್ಕೆ ಟ್ರ್ಯಾಕ್ಟರ್ ಬ್ಯಾಟರಿ ತಂದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟು, ಎದುರುಬದುರಿನ ಎರಡು ಪಟ್ಟಿಗೆ ಕರೆಂಟ್ ಹಾಯಿಸಿದೆ. ಹೀಗೆ ಮಾಡಿದರೆ ಒಂದೂವರೆ ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಹರಿಯುತ್ತದೆ. ಆಮೇಲೆ ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಪಕ್ಕಪಕ್ಕದ ಪಟ್ಟಿಗಳ ನಡುವೆ ಒಂದೊಂದಾಗಿ ಅಳೆಯುತ್ತಾ ಹೋದೆ. 80, 82, 79, 81. ಎಲ್ಲ ಹೀಗೇ ಬಂತು. ಸುಟ್ಟ ಪಟ್ಟಿಗಳ ಹತ್ತಿರ ಬಂದಾಗ 19. ಅಲ್ಲಿ ಸುತ್ತು ಶಾರ್ಟ್ ಆಗಿತ್ತು. ತಂತಿ ಕಡಿದಿದ್ದರೆ ಉಲ್ಟಾ, ಅದೊಂದೇ ಕಡೆ ತುಂಬಾ ಜಾಸ್ತಿ ತೋರಿಸುತ್ತಿತ್ತು. ಹತ್ತು ನಿಮಿಷದ ಈ ಟೆಸ್ಟ್ ಗೊತ್ತಿದ್ದರೆ ವೈಂಡಿಂಗ್ ಅಂಗಡಿಗೆ ಹೋಗುವ ಮುಂಚೆಯೇ ಏನಾಗಿದೆ ಅಂತ ತಿಳಿಯುತ್ತದೆ.

ಫೀಲ್ಡ್ ಕಾಯಿಲ್ (ಆರ್ಮೇಚರ್ ಸುತ್ತಲಿನ ತಿರುಗದ ಸುರುಳಿ) ಕಪ್ಪಾಗಿತ್ತು, ಆದರೆ ಎರಡೂ ಕಡೆ ರೆಸಿಸ್ಟೆನ್ಸ್ ಒಂದೇ ಇತ್ತು. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ 500 ವೋಲ್ಟ್‌ಗೆ ಬಾಡಿಗೂ ಕಾಯಿಲ್‌ಗೂ ನಡುವೆ ಇಪ್ಪತ್ತು ಮೆಗಓಮ್ ಮೇಲೆ ತೋರಿಸಿತು. ಅದನ್ನು ಹಂಗೇ ಬಿಟ್ಟೆ.

ಈಗ ಹೊಸದು ತಗೋಬೇಕಾ, ಇದನ್ನೇ ಮಾಡಿಸಬೇಕಾ? ಹುಬ್ಬಳ್ಳಿಯಲ್ಲಿ ಫೋನ್ ಮಾಡಿ ಕೇಳಿದರೆ ಒಳ್ಳೆಯ ಎಜಿ ಸೆವೆನ್‌ಗೆ ಎಂಟು ಸಾವಿರದ ಹತ್ತಿರ ಹೇಳಿದರು. ಅಪ್ಪ ಸುಮ್ನೆ ಕೇಳುತ್ತಾ ಕೂತಿದ್ದರು. ಕೊನೆಗೆ "ಗೇರಿನ ಹಲ್ಲು ಹೆಂಗದಾವ ನೋಡು. ಹಲ್ಲು ಹೋಗಿದ್ರ ಹೊಸದು ತಗೋ. ಹಲ್ಲು ಚಲೋ ಇದ್ರ ಮಾಡ್ಸು" ಅಂದರು. ನನಗೂ ಅದೇ ಸರಿ ಅನಿಸಿತು. ಡೀಸೆಲ್‌ನಲ್ಲಿ ತೊಳೆದು ನೋಡಿದೆ. ಕ್ರೌನ್ ಹಲ್ಲುಗಳ ಮೇಲೆ ಸವೆತ ಇತ್ತು, ಆದರೆ ಒಂದೂ ಮುರಿದಿರಲಿಲ್ಲ, ತುದಿ ಚೂಪಾಗಿರಲಿಲ್ಲ. ಬೇರಿಂಗ್ ಮನೆ ಪ್ಲಾಸ್ಟಿಕ್ ಬಾಡಿಯಲ್ಲಿ ಕರಗಿದ್ದರೆ, ಇಲ್ಲವೇ ಆರ್ಮೇಚರ್, ಫೀಲ್ಡ್, ಗೇರ್ ಮೂರೂ ಒಟ್ಟಿಗೆ ಹೋಗಿದ್ದರೆ ನಾನು ಹೊಸದನ್ನೇ ತರುತ್ತಿದ್ದೆ. ಇದು ಅಲ್ಯುಮಿನಿಯಂ, ಲೇತ್‌ಗೆ ಹಿಡಿಯಬಹುದಾದ ವಸ್ತು. ಮಾಡಿಸಲು ತೀರ್ಮಾನ ಮಾಡಿದೆವು.

ಮೊದಲ ತಪ್ಪು ಇಲ್ಲಿ ಆಯಿತು. ಅವಸರಕ್ಕೆ ಬಿದ್ದು, ಎರಡು ದಿನದಲ್ಲಿ ಕೊಡ್ತೀವಿ ಅಂದ ಒಂದು ಅಂಗಡಿಗೆ ಹೊಸದಾಗಿ ತಂತಿ ಸುತ್ತಲು ಆರ್ಮೇಚರ್ ಕೊಟ್ಟೆ. ಹೆಸರು ಬೇಡ. ಹೇಳಿದ ದಿನಕ್ಕೇ ಕೊಟ್ಟರು. 800 ರೂಪಾಯಿ ತಗೊಂಡರು. ಮನೆಗೆ ಬಂದು ಕೈಯಲ್ಲಿ ಹಿಡಿದರೆ ವಾರ್ನಿಷ್ ಬೆರಳಿಗೆ ಅಂಟುತ್ತಿತ್ತು. ಒಲೆಯಲ್ಲಿ ಸರಿಯಾಗಿ ಒಣಗಿಸಿರಲಿಲ್ಲ. ಆಮೇಲೆ ಎರಡು ಸ್ಟೀಲ್ ಪಟ್ಟಿಗಳನ್ನು ವೈಸ್‌ಗೆ ಹಿಡಿದು, ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ, ಅಂಚಿನ ಮೇಲೆ ಶಾಫ್ಟ್ ಮಲಗಿಸಿದೆ. ಎಲ್ಲಿ ಬಿಟ್ಟರೂ ಉರುಳಿ ಒಂದೇ ಭಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಆ ಭಾಗ ಭಾರ ಇದೆ ಅಂತ ಅರ್ಥ.

ಒಂದು ಗ್ರಾಂ ಹೆಚ್ಚಿದ್ದರೆ ಏನಾಗುತ್ತದೆ ಅಂತ ಕೇಳಬಹುದು. ಶಾಫ್ಟ್ ನಡುವಿನಿಂದ 20 ಎಂಎಂ ದೂರದಲ್ಲಿ ಒಂದೇ ಒಂದು ಗ್ರಾಂ ಇದ್ದರೆ, 28 ಸಾವಿರದ ಮೇಲಿನ ವೇಗದಲ್ಲಿ ಅದು ಬೇರಿಂಗನ್ನು ಸುಮಾರು 18 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಪ್ರತಿ ಸುತ್ತಿಗೂ ಒಮ್ಮೆ, ಸೆಕೆಂಡಿಗೆ ನಾನೂರಕ್ಕೂ ಹೆಚ್ಚು ಸಲ. ಹೊಸ ಬೇರಿಂಗ್ ಮನೆ ಮಾಡಿಸಿ ಅದರೊಳಗೆ ಇಂಥ ಆರ್ಮೇಚರ್ ಹಾಕಿದರೆ ಮತ್ತೆ ಅದೇ ದಾರಿ. ನಾನು ಹಾಕಲಿಲ್ಲ.

ಮರುದಿನ ಬೆಳಗಿನ ಟ್ರೇನ್‌ಗೆ ಹುಬ್ಬಳ್ಳಿಗೆ ಹೋದೆ. ಆರ್ಮೇಚರನ್ನೂ ಬೇರಿಂಗ್ ಪ್ಲೇಟನ್ನೂ ಹಳೆ ಲುಂಗಿಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿಯ ಸ್ಟೇಷನ್‌ನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು. ಚೀಲದ ತೂಕ ಅವತ್ತು ಚೆನ್ನಾಗಿ ಗೊತ್ತಾಯಿತು.

ವೈಂಡಿಂಗ್ ಮಾಡುವ ಕಾಕಾ ಒಬ್ಬರನ್ನು ಪರಿಚಯದವರು ಹೇಳಿದ್ದರು. ಅವರು ಮೊದಲು ಆರ್ಮೇಚರ್ ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಹಳೆಯ ವೈಂಡಿಂಗ್‌ನ ಲೆಕ್ಕ ಕೇಳಿದರು. ಪುಣ್ಯಕ್ಕೆ ಮೊದಲ ಅಂಗಡಿಗೆ ಕೊಡುವ ಮುಂಚೆ ಫೋನ್‌ನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟಿದ್ದೆ. ಅದನ್ನು ಹಿಗ್ಗಿಸಿ ನೋಡಿ ಅವರು ಹೇಳಿದರು, "ಲೀಡ್ ಒಂದು ಮನಿ ಸರದೈತಿ ನೋಡ್ ತಮ್ಮಾ. ಹಿಂಗ ಹಾಕಿದ್ರ ಹೊಸಾ ಆರ್ಮೇಚರ್ ಇದ್ರೂ ಕಿಡಿ ಹಾರೋದ."

ಅಂದರೆ ಮೊದಲ ಅಂಗಡಿಯವರು ಸುತ್ತಿನ ತುದಿ ತಂತಿಯನ್ನು (ಲೀಡ್) ಒಂದು ಪಟ್ಟಿ ಆಚೆ ಸೇರಿಸಿದ್ದರು. ಇದು ನನಗೆ ಗೊತ್ತಿರಲಿಲ್ಲ. ತಂತಿಯ ಗೇಜ್ ಸರಿ ಇರಬೇಕು, ಸುತ್ತು ಸರಿ ಇರಬೇಕು ಅಂತಷ್ಟೇ ತಿಳಿದಿದ್ದೆ. ಸ್ಲಾಟ್‌ನಿಂದ (ಆರ್ಮೇಚರ್ ಮೈಮೇಲಿನ ತೋಡಿನಿಂದ) ಬರುವ ತಂತಿ ಯಾವ ಪಟ್ಟಿಗೆ ಸೇರಬೇಕು ಅನ್ನುವುದೂ ಅಷ್ಟೇ ಮುಖ್ಯ. ಕಾರ್ಬನ್ ಎರಡು ಪಟ್ಟಿಗಳನ್ನು ಒಟ್ಟಿಗೆ ಮುಟ್ಟುವ ಗಳಿಗೆಯಲ್ಲಿ ಅವುಗಳ ನಡುವಿನ ಸುತ್ತಿನಲ್ಲಿ ವೋಲ್ಟೇಜ್ ಕಡಿಮೆ ಇರಬೇಕು. ಕಂಪನಿಯವರು ಮಷೀನ್ ತಿರುಗುವ ದಿಕ್ಕು ನೋಡಿ ಅದಕ್ಕೆ ತಕ್ಕಂತೆ ಲೀಡ್ ಸರಿಸಿ ಇಟ್ಟಿರುತ್ತಾರೆ. ಒಂದು ಪಟ್ಟಿ ಆಚೀಚೆ ಆದರೆ ಆ ಗಳಿಗೆಯಲ್ಲಿ ಕಿಡಿ ಹುಟ್ಟುತ್ತದೆ. ಅದಕ್ಕೇ ಹಳೆ ವೈಂಡಿಂಗ್ ಕೀಳುವ ಮುಂಚೆ ಫೋಟೋ ತೆಗೆಯಿರಿ, ಒಂದು ಸ್ಲಾಟ್‌ಗೂ ಅದರ ಪಟ್ಟಿಗೂ ಪೆನ್‌ನಲ್ಲಿ ಗುರುತು ಹಾಕಿ.

ಅವರು ಐದು ದಿನ ಕೇಳಿದರು. ಕೊಟ್ಟೆ. 1100 ರೂಪಾಯಿಗೆ ಹೊಸದಾಗಿ ಸುತ್ತಿ, ವಾರ್ನಿಷ್ ಒಣಗಿಸಿ, ಕಮ್ಯುಟೇಟರನ್ನು ಲೇತ್‌ನಲ್ಲಿ ಸಣ್ಣಗೆ ಕೆತ್ತಿ, ಬ್ಯಾಲೆನ್ಸ್ ಕೂಡ ಮಾಡಿ ಕೊಟ್ಟರು. ಭಾರದ ಕಡೆ ಆರ್ಮೇಚರ್‌ನ ಕಬ್ಬಿಣದ ಪತ್ತಿಗಳ ಮೇಲೆ ಎರಡು ಸಣ್ಣ ಡ್ರಿಲ್ ಗುರುತು ಇತ್ತು. ಸ್ಟೀಲ್ ಪಟ್ಟಿಗಳ ಮೇಲೆ ಇಟ್ಟು ನೋಡಿದೆ. ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಪಟ್ಟಿಗಳ ನಡುವಿನ ಮೈಕಾ ಮಾತ್ರ ತಾಮ್ರದ ಸಮಕ್ಕೆ ಇತ್ತು. ಅದನ್ನು ನಾನೇ ಮಾಡಿದೆ. ಹ್ಯಾಕ್ಸಾ ಬ್ಲೇಡ್ ತುಂಡನ್ನು ಎರಡೂ ಬದಿ ಉಜ್ಜಿ ತೆಳ್ಳಗೆ ಮಾಡಿ, ಒಂದೊಂದೇ ಸಂದಿಯಲ್ಲಿ ಅರ್ಧ ಎಂಎಂ ಆಳಕ್ಕೆ ಮೈಕಾ ಕೆರೆದೆ. 32 ಸಂದಿ, ಒಂದೂವರೆ ತಾಸು ಹಿಡಿಯಿತು. ಮೈಕಾ ತಾಮ್ರದಷ್ಟು ಬೇಗ ಸವೆಯುವುದಿಲ್ಲ. ಹಂಗೇ ಬಿಟ್ಟರೆ ಕೆಲವು ದಿನದಲ್ಲಿ ಅದೇ ಮೇಲೆ ಎದ್ದು ಕಾರ್ಬನ್ನನ್ನು ಎತ್ತಿಬಿಡುತ್ತದೆ. ಕೊನೆಗೆ ಸಣ್ಣ ಸ್ಯಾಂಡ್ ಪೇಪರ್‌ನಿಂದ ಅಂಚು ನುಣುಪು ಮಾಡಿದೆ. ಎಮರಿ ಪೇಪರ್ ಮುಟ್ಟಿಸಬೇಡಿ, ಅದರ ಪುಡಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಸಂದಿಯಲ್ಲಿ ಕೂತರೆ ಮತ್ತೆ ಶಾರ್ಟ್.

ಬೇರಿಂಗ್ ಮನೆಯ ಕೆಲಸ ಗೋಕುಲ ರೋಡ್ ಕಡೆಯ ಒಂದು ಲೇತ್‌ನಲ್ಲಿ ಆಯಿತು. ಇಡೀ ರಿಪೇರಿಯಲ್ಲಿ ನನಗೆ ಮನಸ್ಸಿಗೆ ಬಂದ ಕೆಲಸ ಇದೇ.

ಸಡಿಲ ಆದ ಮನೆಗೆ ಎಲ್ಲರೂ ಮಾಡುವ ಉಪಾಯ ಒಂದಿದೆ. ಗೋಡೆಗೆ ಸುತ್ತಲೂ ಪಂಚ್‌ನಿಂದ ಚುಕ್ಕೆ ಹೊಡೆದು ಬೇರಿಂಗ್ ಬಡಿದು ಕೂರಿಸುವುದು. ಒಂದು ತಿಂಗಳು ನಡೆಯುತ್ತದೆ. ಆ ಚುಕ್ಕೆಗಳ ತುದಿ ಸವೆದರೆ ಮುಗಿಯಿತು. ಅದೂ ಅಲ್ಲದೆ ಚುಕ್ಕೆ ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ ಆದರೆ ಬೇರಿಂಗ್ ನಡುಮಧ್ಯ ಕೂರುವುದೇ ಇಲ್ಲ, ಗೇರ್ ಹಲ್ಲು ಓರೆಯಾಗಿ ಕಚ್ಚುತ್ತದೆ. ಬುಷ್, ಅಂದರೆ ಮನೆಯೊಳಗೆ ಹೊಸ ಬಳೆ, ಹಾಕಿಸಬೇಕು ಅಂತ ನಾನು ಮೊದಲೇ ಅಂದುಕೊಂಡು ಹೋಗಿದ್ದೆ. ಉಕ್ಕಿನ ಬುಷ್ ಸಾಕು ಅಂತ ನನ್ನ ಲೆಕ್ಕ.

ಲೇತ್ ಕಾಕಾ ತಲೆ ಅಲ್ಲಾಡಿಸಿದರು. "ಕಬ್ಬಿಣದ ಬುಷ್ ಹಾಕಿದ್ರ ಕಾಯ್ದಾಗ ಅದೂ ಬಿಡತೈತಿ. ಮೊದ್ಲ ಬೇರಿಂಗ್ ಯಾಕ್ ಬಿಟ್ಟಿತ್ತು ಮತ್ತ? ಗನ್‌ಮೆಟಲ್ ಹಾಕೋಣು."

ನಾನೇ ಹಿಂದಿನ ರಾತ್ರಿ ಹಾಕಿದ್ದ ಲೆಕ್ಕವನ್ನು ಅವರು ಒಂದೇ ಮಾತಲ್ಲಿ ಹೇಳಿದರು. ಗನ್‌ಮೆಟಲ್ ಅಂದರೆ ತಾಮ್ರ-ತವರದ ಮಿಶ್ರಲೋಹ, ಅದು ಹಿಗ್ಗುವುದು ಉಕ್ಕಿಗೂ ಅಲ್ಯುಮಿನಿಯಂಗೂ ನಡುವೆ. ಹಾಗಾಗಿ ಬಿಸಿಯಾದರೂ ಹೊರಗಡೆ ಪ್ಲೇಟ್‌ನ ಹಿಡಿತ ತಪ್ಪುವುದು ಕಡಿಮೆ, ಒಳಗಡೆ ಬೇರಿಂಗ್ ಜಾರುವುದೂ ಕಡಿಮೆ.

ಪ್ಲೇಟನ್ನು ನಾಲ್ಕು ದವಡೆಯ ಚಕ್‌ಗೆ ಹಿಡಿದರು. ಬಾಡಿಯ ಒಳಗೆ ಕೂರುವ ಪ್ಲೇಟ್‌ನ ಅಂಚಿಗೆ ಡಯಲ್ ಮುಟ್ಟಿಸಿ ಕೈಯಿಂದ ಚಕ್ ತಿರುಗಿಸಿದರು. ಮುಳ್ಳು ಹದಿನೈದು ಗೆರೆ ಓಡಾಡುತ್ತಿತ್ತು. ಒಂದು ದವಡೆ ಸ್ವಲ್ಪ ಬಿಟ್ಟು, ಎದುರಿನದು ಸ್ವಲ್ಪ ಬಿಗಿದು, ಮತ್ತೆ ತಿರುಗಿಸಿ, ಮತ್ತೆ ಬಿಗಿದು. ಚಹಾ ಬಂದು ಆರಿಹೋಯಿತು. ಮುಳ್ಳು ಎರಡೇ ಗೆರೆಯೊಳಗೆ ನಿಂತಾಗ ಟೂಲ್ ಹಚ್ಚಿದರು. ಸವೆದ ಮನೆಯನ್ನೇ ಹಿಡಿದು ಸೆಂಟರ್ ಮಾಡಿದ್ದರೆ ಅದರ ಓರೆಯೇ ಹೊಸ ಬುಷ್‌ಗೂ ಬರುತ್ತಿತ್ತು. ಸವೆಯದ ಅಂಚನ್ನು ನೋಡಿ ಮಾಡಿದ್ದರಿಂದ ಆರ್ಮೇಚರ್ ಮತ್ತೆ ಬಾಡಿಯ ನಡುಮಧ್ಯಕ್ಕೆ ಬಂತು.

ಮನೆಯನ್ನು 36 ಎಂಎಂಗೆ ತೆರೆದರು. ಬುಷ್ ಹೊರಗೆ 36.05. ಪ್ಲೇಟನ್ನು ಗ್ಯಾಸ್ ಬತ್ತಿಯಿಂದ ಕಾಯಿಸಿದರು. ನೀರಿನ ಹನಿ ಹಾಕಿದರೆ ಚುಂಯ್ ಅಂದು ಹಾರಬೇಕು, ಅಷ್ಟು. ಬುಷ್ ಬಿಟ್ಟರೆ ಸದ್ದಿಲ್ಲದೆ ತಳಕ್ಕೆ ಇಳಿದು ಕೂತಿತು. ತಣ್ಣಗಾದ ಮೇಲೆ ಒಳಗೆ 32ಕ್ಕೆ ಕೂದಲು ಕಡಿಮೆ ಕೆತ್ತಿದರು. 400 ರೂಪಾಯಿ ಕೊಟ್ಟೆ. ಅದಕ್ಕಿಂತ ಜಾಸ್ತಿ ಕೇಳಿದ್ದರೂ ಕೊಡುತ್ತಿದ್ದೆ.

ತರಬೇಕಾದ ಬೇರಿಂಗ್‌ಗಳು ಮೂರು. ಮುಂದೆ 6201, ಹಿಂದೆ 629, ಸ್ಪಿಂಡಲ್‌ಗೆ 6203. ಸ್ಪಿಂಡಲ್ ಮೇಲ್ತುದಿಯ ಸಣ್ಣ ನೀಡಲ್ ಬೇರಿಂಗ್ ಚೆನ್ನಾಗಿತ್ತು. ಅಂಗಡಿಯಲ್ಲಿ ನಂಬರ್ ಮಾತ್ರ ಹೇಳಬೇಡಿ, ಹಳೇ ಬೇರಿಂಗ್ ಮೇಲೆ ನಂಬರ್ ಜೊತೆ ಇರುವ ಅಕ್ಷರಗಳನ್ನೂ ಬರೆದುಕೊಂಡು ಹೋಗಿ. ಒಳಬಳೆಗೆ ಉಜ್ಜುವ ರಬ್ಬರ್ ಸೀಲ್ ನೀರಿನ ಪಂಪ್‌ಗೆ ಒಳ್ಳೆಯದು. 28 ಸಾವಿರದ ವೇಗಕ್ಕೆ ಅದು ಕಾಯ್ದು ಸುಡುತ್ತದೆ. ಉಜ್ಜದ ಸೀಲ್ ಇರುವುದೇ ಬೇಕು. ಮೂರಕ್ಕೂ ಸೇರಿ 520 ಆಯಿತು.

ಮನೆಗೆ ಬಂದು ಜೋಡಿಸುವಾಗ ಅವ್ವನ ಹಳೇ ರೊಟ್ಟಿ ಹಂಚು ಕೆಲಸಕ್ಕೆ ಬಂತು. ಪ್ಲೇಟನ್ನು ಹಂಚಿನ ಮೇಲೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ಬೇರಿಂಗ್ ಬೆರಳಲ್ಲಿ ಒತ್ತಿದರೆ ಕೂತಿತು. ಸುತ್ತಿಗೆ ಬೇಕಾಗಲೇ ಇಲ್ಲ. ಶಾಫ್ಟ್ ಮೇಲೆ ಬೇರಿಂಗ್ ಏರಿಸುವಾಗ ಮಾತ್ರ ಪೈಪ್ ತುಂಡು ಇಟ್ಟು ಒಳಬಳೆಗೆ ತಟ್ಟಬೇಕು. ಹೊರಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗ್ ಅಲ್ಲೇ ಹಾಳು.

ಗೇರ್ ಕಚ್ಚುವುದನ್ನು ನೋಡಲು ಮಾರ್ಕಿಂಗ್ ಬ್ಲೂ ಇರಲಿಲ್ಲ. ಕುಂಕುಮವನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಕ್ರೌನ್‌ನ ನಾಲ್ಕು ಹಲ್ಲಿಗೆ ಹಚ್ಚಿದೆ. ಕೈಯಲ್ಲಿ ತಿರುಗಿಸಿ ಪಿನಿಯನ್ ನೋಡಿದರೆ ಕೆಂಪು ಗುರುತು ಹಲ್ಲಿನ ಒಂದು ತುದಿಗೆ ಸರಿದಿತ್ತು. ಸ್ಪಿಂಡಲ್ ಕೆಳಗಿನ ಶಿಮ್ ವಾಷರ್ ಒಂದು ತೆಗೆದು ಮತ್ತೆ ನೋಡಿದೆ. ಹಲ್ಲಿನ ನಡುವೆ ಬಂತು. ಇದಕ್ಕೆ ಅರ್ಧ ತಾಸು ಹೋಯಿತು, ಆದರೆ ಗೇರ್ ಕೂಗುವುದು ಇಲ್ಲಿಂದಲೇ. ಎಲ್ಲ ತೊಳೆದು ಒರೆಸಿ ಲಿಥಿಯಂ ಇಪಿ ಗ್ರೀಸ್ ತುಂಬಿದೆ, ಹೆಡ್‌ನ ಅರ್ಧಕ್ಕಿಂತ ಕಡಿಮೆ. ತುಂಬಾ ತುಂಬಿದರೆ ಗೇರ್ ಅದನ್ನು ಕಡೆದು ಕಡೆದು ಬಿಸಿ ಮಾಡುತ್ತದೆ. ಆ ಗ್ರೀಸ್ ಕರಗಿ ಆರ್ಮೇಚರ್ ಕಡೆ ಇಳಿಯುತ್ತದೆ.

ವೈರ್ ವಿಷಯ. ಇದು ಲೋಹದ ಮೈಯ ಹಳೇ ಮಷೀನ್. ಪ್ಲೇಟ್ ಮೇಲೆ ಚೌಕದೊಳಗೆ ಚೌಕದ ಗುರುತು ಇರುವ ಡಬಲ್ ಇನ್ಸುಲೇಷನ್ ಮಷೀನ್‌ಗಳಿಗೆ ಎರಡು ಕೋರ್ ಸಾಕು. ಇದಕ್ಕೆ ಅರ್ತ್ ಬೇಕೇ ಬೇಕು. ಯಾವಾಗಲೋ ವೈರ್ ಕಡಿದಾಗ ಎರಡು ಕೋರ್‌ನದು ಹಾಕಿಬಿಟ್ಟಿದ್ದರು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಅದನ್ನೇ ಹಿಡಿದಿದ್ದೇವೆ. ಈಗ 1.5 ಸ್ಕ್ವೇರ್ ಎಂಎಂ ಮೂರು ಕೋರ್ ವೈರ್, 16 ಆಂಪಿಯರ್ ಪ್ಲಗ್, ಅರ್ತ್ ತಂತಿ ಬಾಡಿಗೆ ಸ್ಕ್ರೂ ಹಾಕಿ ಬಿಗಿದು ಮೀಟರ್‌ನಲ್ಲಿ ನೋಡಿದ್ದೇನೆ. 2000 ವ್ಯಾಟ್ ಮಷೀನ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ, ಸಣ್ಣ ಪ್ಲಗ್ ತಡೆಯುವುದಿಲ್ಲ. ಸ್ವಿಚ್‌ನ ಪಾಯಿಂಟ್ ಸುಟ್ಟಿದ್ದರಿಂದ ಅದೂ ಹೊಸದು. ಗಾರ್ಡ್ ಗುಜರಿಯಲ್ಲಿ ಸಿಕ್ಕಿತು. ಅದೇ ಕಾಲರ್ ಅಳತೆಯ, ಎಲ್ಲೂ ಬಾಗದ ಏಳಿಂಚಿನ ಗಾರ್ಡ್, 200 ರೂಪಾಯಿ. ಕಾರ್ಬನ್, ಗ್ರೀಸ್ ಎಲ್ಲ ಸೇರಿ ಖರ್ಚು 3070. ಮೊದಲ ಅಂಗಡಿಗೆ ಹೋದ 800 ಬೇರೆ.

ಸೀದಾ ಲೈನ್‌ಗೆ ಕೊಡಲಿಲ್ಲ. ಡಿಸ್ಕ್ ಇಲ್ಲದೆ, 200 ವ್ಯಾಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ ಸ್ವಿಚ್ ಒತ್ತಿದೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮಷೀನ್ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿಂಚಿ ಮಂದ ಆಯಿತು. ಆರ್ಮೇಚರ್ ನಿಧಾನಕ್ಕೆ ತಿರುಗಿತು. ಆಮೇಲೆ ಸೀದಾ ಲೈನ್‌ಗೆ ಹಾಕಿ ಹದಿನೈದು ನಿಮಿಷ ಖಾಲಿ ಓಡಿಸಿದೆ. ಕಾರ್ಬನ್ ಕಮ್ಯುಟೇಟರ್‌ನ ದುಂಡಿಗೆ ಹೊಂದಬೇಕು, ಅದಕ್ಕೆ ಮುಂಚೆ ಭಾರ ಕೊಡಬಾರದು. ಶೆಡ್ ಲೈಟ್ ಆರಿಸಿ ಕಿಂಡಿಯಲ್ಲಿ ನೋಡಿದೆ. ಕಾರ್ಬನ್ ತುದಿಯಲ್ಲಿ ಸಣ್ಣ ನೀಲಿ ಗೆರೆ ಮಾತ್ರ ಇತ್ತು. ಬಳೆ ಇರಲಿಲ್ಲ.

ಮರುದಿನ ಹೊಸ ಏಳಿಂಚಿನ ಡಿಸ್ಕ್ ತಂದೆ. ನಡುವಿನ ಲೋಹದ ಬಳೆಯ ಮೇಲೆ ಕಡೇ ದಿನಾಂಕ ನೋಡಿಯೇ ತಂದೆ. ಅಂಟು ಹಳತಾದರೆ ಡಿಸ್ಕ್ ನೋಡಲು ಹೊಸದಿದ್ದರೂ ಬಲ ಇರುವುದಿಲ್ಲ. ಅದೇ 75ರ ಚಾನೆಲ್. ಗಾರ್ಡ್ ಇರುವುದರಿಂದ ಒಂದೇ ಕಡೆಯಿಂದ ಆಗುವುದಿಲ್ಲ, ಒಮ್ಮೆ ತಿರುಗಿಸಬೇಕು. ತಿರುಗಿಸಿದೆ. ಆರು ತುಂಡು ಕತ್ತರಿಸಿ ಹೆಡ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಕೈ ತೆಗೆಯಬೇಕು ಅನಿಸಲಿಲ್ಲ.

ಅಪ್ಪ ಬಂದು ಮಷೀನ್ ಕೈಗೆ ತಗೊಂಡರು. ಖಾಲಿ ಓಡಿಸಿ, ಸ್ವಿಚ್ ಬಿಟ್ಟು, ಅದು ನಿಲ್ಲುವವರೆಗೂ ಕಿವಿಗೊಟ್ಟು ಕೇಳಿದರು. "ಬೇರಿಂಗ್ ದನಿ ಇಲ್ಲ" ಅಂದರು. ಗಾರ್ಡ್ ಹಿಡಿದು ಅಲ್ಲಾಡಿಸಿ ನೋಡಿ, ಕ್ಲಾಂಪ್ ಸ್ಕ್ರೂ ಇನ್ನೂ ಅರ್ಧ ಸುತ್ತು ಬಿಗಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಎರಡು ಒಂಬತ್ತಿಂಚಿನ ಡಿಸ್ಕ್ ತೆಗೆದು ಕಲ್ಲಿಗೆ ಬಡಿದು ಒಡೆದರು.

ಮೂರು ವಾರ ಆಯಿತು. ಮೊನ್ನೆ ಭಾನುವಾರ ಕಾರ್ಬನ್ ತೆಗೆದು ನೋಡಿದೆ. ಎರಡರ ಮೂಗೂ ಒಂದೇ ಸಮ ಹೊಳೆಯುತ್ತಿತ್ತು, ಅಂಚು ಒಡೆದಿಲ್ಲ. ಕಮ್ಯುಟೇಟರ್ ಮೇಲೆ ತೆಳ್ಳಗೆ ಚಹಾ ಬಣ್ಣ ಕೂತಿದೆ, ಅದು ಒಳ್ಳೆಯ ಲಕ್ಷಣ. ಕಾರ್ಬನ್ ಉದ್ದ ಅಳೆದು ತಾರೀಖಿನ ಜೊತೆ ಗೋಡೆ ಮೇಲೆ ಚಾಕ್‌ಪೀಸ್‌ನಲ್ಲಿ ಬರೆದಿದ್ದೇನೆ. ಮುಂದಿನ ಸಲ ಬೇಗ ಸವೆದರೆ ಹೊಸ ಕಾರ್ಬನ್ ತರುವ ಮುಂಚೆ ಹೆಡ್ ಬಿಚ್ಚುತ್ತೇನೆ.